ಹೊಡೆದುಹಾಕಿದ ಸಾಲು

ಸಂಸ್ಥೆಯಲ್ಲಿ ಎಲ್ಲರೂ ಅವರನ್ನು ಪತ್ರದ ಟೀಚರ್ ಎನ್ನುತ್ತಾರೆ. ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದವರು. ಮನೆಯಲ್ಲಿ ಕೈಕಟ್ಟಿ ಕೂರಲಾಗದೆ ಮರುತಿಂಗಳೇ ಇಲ್ಲಿಗೆ ಬಂದರು. ಬಡ ಮಕ್ಕಳ ಶಾಲೆಗಳಿಗೆ ಪುಸ್ತಕ, ಮೇಷ್ಟ್ರು, ಕುಡಿಯಲು ಒಳ್ಳೆಯ ನೀರು ಒದಗಿಸುವ ಸಂಸ್ಥೆ ಅದು. ವರ್ಷಕ್ಕೆರಡು ಸಲ ಪ್ರತಿ ಮಗುವೂ ತನಗೆ ನೆರವಾಗುವ ದಾನಿಗೆ ಒಂದು ಕಾಗದ ಬರೆಯಬೇಕು. ಅವೆಲ್ಲ ಮೊದಲು ಬರುವುದು ಮೆಟ್ಟಿಲ ಪಕ್ಕದ ಸಣ್ಣ ಕೋಣೆಗೆ, ಟೀಚರ್ ಮೇಜಿಗೆ. ಅವರು ಓದಿ, ತಿದ್ದಿ, ಟೈಪು ಮಾಡಿಸಿ ಕಳಿಸುತ್ತಾರೆ. ಮಗುವಿನ ಕೈಬರಹ ಕಡತದಲ್ಲಿ ಉಳಿಯುತ್ತದೆ.

ತಿದ್ದುವುದಕ್ಕೆ ನಿಯಮಗಳಿವೆ. ಬೇಡಿಕೆ ಇರಬಾರದು, ದೂರು ಇರಬಾರದು, ದಾನಿಯ ಮನಸ್ಸಿಗೆ ಚುಚ್ಚುವ ಮಾತಂತೂ ಕೂಡದು. 'ಫೋಟೋದಲ್ಲಿ ನಿಮ್ಮ ತಲೆ ನೋಡಿದೆ. ನಮ್ಮ ತಾತನಿಗೂ ಕೂದಲಿಲ್ಲ, ಬೇಜಾರು ಮಾಡ್ಕೋಬೇಡಿ' ಎಂದು ಒಬ್ಬ ಬರೆದಿದ್ದ. ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೆಂಪು ಪೆನ್ನಿನಿಂದ ಗೀಟು ಎಳೆದರು.

ಈ ಸಲ ಊರಾಚೆಯ ಶಾಲೆಯಿಂದ ಕಟ್ಟು ಬಂದಾಗ ನಾಲ್ಕನೆಯ ಕಾಗದದಲ್ಲಿ ಒಂದು ಸಾಲು ಕಂಡಿತು: 'ನಮ್ಮ ಶಾಲೆ ನಲ್ಲಿಯ ನೀರಿಗೆ ಮುಗ್ಗಿದ ಬಟ್ಟೆಯ ವಾಸನೆ ಇದೆ.' ಐದನೆಯದರಲ್ಲೂ ಅದೇ, ಏಳನೆಯದರಲ್ಲೂ ಅದೇ. ಒಟ್ಟು ಒಂಬತ್ತು ಕಾಗದಗಳಲ್ಲಿ ಒಂದಕ್ಷರವೂ ಆಚೀಚೆ ಇಲ್ಲದೆ ಅದೇ ಸಾಲು. ಮೂವತ್ತೊಂದು ವರ್ಷ ಕಾಪಿ ಹಿಡಿದ ಕಣ್ಣು ಅವರದು. ಯಾರೋ ಒಬ್ಬರು ಬರೆದಿದ್ದಾರೆ, ಮಿಕ್ಕವರು ಬಗ್ಗಿ ನೋಡಿದ್ದಾರೆ. "ಕಳ್ಳರು! ನನ್ನ ಹತ್ರಾನಾ?" ಎಂದು ಒಂಬತ್ತಕ್ಕೂ ಗೀಟು ಎಳೆದರು. ಆ ಗಳಿಗೆಯಲ್ಲಿ ತಮಗೆ ಖುಷಿಯೇ ಆಗಿತ್ತು ಎಂಬುದನ್ನು ಅವರು ಈಗಲೂ ಮುಚ್ಚಿಡುವುದಿಲ್ಲ.

ಇಪ್ಪತ್ತು ದಿನಗಳ ಮೇಲೆ ಆ ಶಾಲೆಯ ಹದಿನಾರು ಮಕ್ಕಳಿಗೆ ಕಾಮಾಲೆಯಾಯಿತು. ಚರಂಡಿಯ ಕೊಳವೆ ಬಿರುಕುಬಿಟ್ಟು, ಸಂಸ್ಥೆಯೇ ಕಟ್ಟಿಸಿಕೊಟ್ಟ ಕುಡಿಯುವ ನೀರಿನ ತೊಟ್ಟಿಗೆ ಕೊಳಚೆ ಒಸರುತ್ತಿತ್ತು.

ನಿರ್ದೇಶಕರು ಸಭೆ ಕರೆದರು. ತೊಟ್ಟಿಗಳ ಉಸ್ತುವಾರಿ ನೋಡುವ ಮೇಸ್ತ್ರಿ, ಮಗಳ ಹೆರಿಗೆಯೆಂದು ಹೋಗಿ, ಹಿಂದಿನ ತಿಂಗಳ ತಪಾಸಣೆ ತಪ್ಪಿಸಿದ್ದರು. ಎಲ್ಲರ ಬೆರಳೂ ಅವರತ್ತಲೇ.

"ಯಾರಿಗೂ ಒಂದು ಸುಳಿವೂ ಸಿಗಲಿಲ್ವೇನ್ರೀ?" ನಿರ್ದೇಶಕರು ಮೇಜಿನ ಸುತ್ತ ನೋಡಿದರು.

ಟೀಚರ್ ಬಾಯಿ ಬಿಡಲಿಲ್ಲ. ಮೇಸ್ತ್ರಿಯನ್ನು ಕೆಲಸದಿಂದ ತೆಗೆಯುವ ಮಾತು ಬಂತು. ಆಗಲೂ ಬಿಡಲಿಲ್ಲ.

ಮನೆಯಲ್ಲಿ ಜೊತೆಗಿರುವ ತಂಗಿಗೆ ಹೇಳಿಕೊಂಡರು. "ಅಕ್ಕಾ, ನೀನೇನು ತೊಟ್ಟಿಗೆ ವಿಷ ಹಾಕಿದ್ಯಾ? ಕೊಟ್ಟ ಕೆಲಸ ಮಾಡಿದ್ದೀಯ. ಇಲ್ಲದ್ದನ್ನ ಮೈಮೇಲೆ ಎಳ್ಕೋಬೇಡ" ಎಂದು ತಂಗಿ ಗದರಿದಳು. ಟೀಚರ್ ಎರಡು ದಿನ ಸುಮ್ಮನಿದ್ದರು. ಆ ಎರಡು ದಿನವೂ ಲೋಟ ಎತ್ತಿದಾಗಲೆಲ್ಲ ಮೊದಲು ಮೂಗಿಗೆ ಹಿಡಿದು, ಆಮೇಲೆ ಬಾಯಿಗಿಡುತ್ತಿದ್ದರು.

ಮೂರನೆಯ ದಿನ ಒಂಬತ್ತೂ ಕಾಗದಗಳನ್ನು ನಿರ್ದೇಶಕರ ಮುಂದಿಟ್ಟರು. ಅವರು ಒಂದೊಂದಾಗಿ ಓದಿ ಕನ್ನಡಕ ತೆಗೆದರು.

"ನಿಯಮ ಮಾಡಿದ್ದು ನಾನು, ಟೀಚರ್. ನೀವು ಪಾಲಿಸಿದ್ರಿ, ಅಷ್ಟೇ."

"ಅಲ್ಲ ಸಾರ್. ನಿಯಮ ಇಲ್ಲದಿದ್ರೂ ನಾನು ಹೊಡೆದುಹಾಕ್ತಿದ್ದೆ. ಕಾಪಿ ಅಂದ್ಕೊಂಡೆ."

ಅವರಿಗೆ ಶಿಕ್ಷೆಯೇನೂ ಆಗಲಿಲ್ಲ. ಮೇಸ್ತ್ರಿಯ ಕೆಲಸವೂ ಉಳಿಯಿತು. ಮೆಟ್ಟಿಲಲ್ಲಿ ಎದುರಾದ ಮೇಸ್ತ್ರಿ ಉಪಕಾರ ಸ್ಮರಿಸಲಿಲ್ಲ. "ಅವತ್ತೇ ಒಂದು ಫೋನ್ ಮಾಡಿದ್ರೆ ಮಗಳನ್ನ ಬಿಟ್ಟಾದ್ರೂ ಓಡಿ ಬರ್ತಿದ್ನಲ್ಲ ಟೀಚರ್" ಎಂದು ಪಕ್ಕಕ್ಕೆ ಸರಿದು ಇಳಿದು ಹೋದರು.

ಅದೇ ಸಂಜೆ ಟೀಚರ್ ಆಸ್ಪತ್ರೆಗೆ ಹೋದರು. ನಾಲ್ಕನೆಯ ಕಾಗದ ಬರೆದ ಹುಡುಗಿ ಕಿಟಕಿ ಪಕ್ಕದ ಮಂಚದಲ್ಲಿದ್ದಳು. ವಯಸ್ಸು ಒಂಬತ್ತು, ಕಣ್ಣು ಅರಿಸಿನ ಬಣ್ಣಕ್ಕೆ ತಿರುಗಿತ್ತು. ಇವರು ಯಾರೆಂದು ಗೊತ್ತಾದ ಕೂಡಲೇ ಎದ್ದು ಕೂತಳು.

"ನನ್ನ ಕಾಗದ ಅವರಿಗೆ ಮುಟ್ತಾ?"

"ಮುಟ್ತು ಪುಟ್ಟಾ. ಆದ್ರೆ ನೀರಿನ ಸಾಲು ಹೋಗಲಿಲ್ಲ. ನಾನೇ ಹೊಡೆದುಹಾಕಿದೆ."

ಹುಡುಗಿಯ ಮುಖ ಸಣ್ಣಗಾಯಿತು. "ತಪ್ಪು ಬರೆದಿದ್ನಾ?"

"ಇಲ್ಲ. ಎಲ್ಲ ಸರಿಯಾಗೇ ಇತ್ತು."

"ಮತ್ಯಾಕೆ?"

ಟೀಚರ್ ಸುತ್ತಿ ಬಳಸಲಿಲ್ಲ. "ಎಲ್ಲರದೂ ಒಂದೇ ಥರ ಇತ್ತಲ್ಲ. ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದಿದ್ದೀರಿ ಅಂದ್ಕೊಂಡೆ."

"ಹೂಂ, ನೋಡೇ ಬರೆದಿದ್ದು. ನಾನೇ ತೋರಿಸ್ದೆ" ಎಂದಳು ಹುಡುಗಿ. "ಒಬ್ಬಳೇ ಬರೆದ್ರೆ ಸುಳ್ಳು ಅಂದ್ಕೋತಾರೆ, ಎಲ್ಲರೂ ಬರೆದ್ರೆ ನಂಬ್ತಾರೆ ಅಂತ."