ಸೈರನ್ ಕೂಗದ ಬೆಳಿಗ್ಗೆ

ಪಾಳ್ಯದ ಕಡೆಯ ಮಾನಸಾ ಹೊಂಗಡಹಳ್ಳದ ಬಳಿಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವಳು. ಹಾಜರಿ, ಗೊಬ್ಬರದ ಲೆಕ್ಕದ ಜೊತೆಗೆ ಸ್ಟೋರಿನ ಹಳೆಯ ಕಂಪ್ಯೂಟರೂ ಅವಳ ಪಾಲಿಗೆ ಬಂದಿತ್ತು. ಯಾರು ಬೇಕಾದರೂ ತೆರೆದು ತಿದ್ದಬಹುದಾದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಅವಳೇ ಕಲಿತು ಅದಕ್ಕೆ ಹಾಕಿದ್ದಳು. ಹಳ್ಳದಂಚಿನ ಕ್ಯಾಮೆರಾ ವೈರ್‌ಲೆಸ್ ಮೂಲಕ ಗಂಟೆಗೊಂದು ಚಿತ್ರ ಕಳಿಸುತ್ತದೆ. ಅದರಲ್ಲಿ ಆನೆ ಕಂಡರೆ ಕಂಪ್ಯೂಟರೇ ಸ್ಟೋರಿನ ಸೈರನ್ ಕೂಗಿಸುತ್ತದೆ. ಕೂಗಿದರೆ ಎಲ್ಲರೂ ಕಾಲುದಾರಿ ಹಿಡಿದು ಸ್ಟೋರಿಗೆ ಓಡಬೇಕು. ಕೂಗದಿದ್ದರೆ ಆನೆ ಇಲ್ಲ. ತೋಟದವರ ನಂಬಿಕೆ ಅದು, ಮಾನಸಾಳದೂ ಅದೇ.

ಹಣ್ಣು ಕೊಯ್ಯುವ ಕಾಲ. ಕೊಯ್ಲಿನ ಆಳು ದೇವೀರಮ್ಮನ ಗುಂಪನ್ನು ತೋಟದ ಕೆಳಗಿನ ಬ್ಲಾಕಿಗೆ ಕಳಿಸಿ ಬಂದು ಕೂತವಳಿಗೆ ಪರದೆಯ ಮೇಲೆ ಕಂಡದ್ದು ನಿನ್ನೆ ಸಂಜೆಯ ಚಿತ್ರ. ಅದಾದ ಮೇಲೆ ಒಂದೂ ಇಲ್ಲ.

ನಿನ್ನೆ ಅವಳು ಲಿನಕ್ಸಿನ ಹೊಸ ಆವೃತ್ತಿ ಹಾಕಿದ್ದಳು. ವೈರ್‌ಲೆಸ್ ಸಾಧನವನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಅದಕ್ಕೆ ಹೊಂದಲಿಲ್ಲ. ಸಾಧನ ಮಾಡಿದ ಕಂಪನಿ ಲಿನಕ್ಸಿಗೆ ಡ್ರೈವರ್ ಕೊಡುವುದಿಲ್ಲ; ಬರೆಯಲು ಸಿದ್ಧರಿರುವವರಿಗೆ ಒಳವಿವರವನ್ನೂ ಕೊಡುವುದಿಲ್ಲ. ಯಾರೋ ಊಹಿಸಿ ಬರೆದ ಡ್ರೈವರಿನ ಮೇಲೆ ಇಷ್ಟು ದಿನ ನಡೆದಿತ್ತು. ಚಿತ್ರವೇ ಬರದಿದ್ದರೆ ಆನೆ ಬಂದರೂ ಸೈರನ್ ಕೂಗದು.

ಅವಳ ಕೈ ಸೈರನ್ನಿನ ಗುಂಡಿಗೆ ಹೋಗಿ ನಿಂತಿತು. ಆನೆ ಆಗಲೇ ಹಳ್ಳ ದಾಟಿ ಕಾಲುದಾರಿಯಲ್ಲಿದ್ದರೆ? ಸದ್ದು ಕೇಳಿದವರು ಅದರ ಎದುರಿಗೇ ಓಡಿಬರುತ್ತಾರೆ. ಕೆಳಗೆ ಫೋನೂ ಸಿಗದು.

"ಸುನಿಲಣ್ಣ, ಟ್ರ್ಯಾಕ್ಟರ್ ತೆಗೀರಿ! ಸುತ್ತು ರಸ್ತೇಲಿ ಹೋಗಣ."

ಟ್ರ್ಯಾಕ್ಟರ್ ಓಡಿಸುವ ಸುನಿಲ್‌ಕುಮಾರ್ ಅವಳ ಮುಖ ನೋಡಿದವರೇ ಗಾಡಿ ಹೊರಡಿಸಿದರು. ಬ್ಲಾಕಿನಿಂದ ನಗು ಕೇಳಿದಾಗ ಮಾನಸಾಳಿಗೆ ಅಳು ಬಂದಂತಾಯಿತು.

"ಏನ್ ರೈಟರಮ್ಮ, ಟ್ರ್ಯಾಕ್ಟ್ರು ಏರ್ಕಂಡು ದಿಬ್ಬಣ ಹೊಂಟ್ರಾ?" ದೇವೀರಮ್ಮ ಛೇಡಿಸಿದರು.

"ಮೆಲ್ಲಗೆ ಅಕ್ಕ. ಎಲ್ರೂ ಹತ್ತಿ."

"ಸೈರನ್ನೇ ಕೂಗ್ನಿಲ್ವಲ್ಲ?"

"ಅದು ಕೆಟ್ಟೋಗೈತೆ. ನಿನ್ನೆಯಿಂದ."

ನಗು ನಿಂತಿತು. ಕಾಲುದಾರಿಯ ಕಡೆಯಿಂದ ಕೊಂಬೆಯೊಂದು ಲಟಲಟನೆ ಮುರಿದ ಸದ್ದು ಬಂತು. ಬುಟ್ಟಿಗಳನ್ನು ಅಲ್ಲಲ್ಲೇ ಬಿಟ್ಟು, ಒಬ್ಬರ ಕೈ ಒಬ್ಬರು ಹಿಡಿದು ಟ್ರೈಲರ್ ಹತ್ತಿದರು.

ಮಾನಸಾ ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿದಳು; ಚಿತ್ರ ಬರತೊಡಗಿತು. ಡ್ರೈವರ್ ಕೊಡಿ ಎಂದು ಕಂಪನಿಗೂ ಬರೆದಳು. "ಆ ವ್ಯವಸ್ಥೆಗೆ ನಮ್ಮ ಬೆಂಬಲವಿಲ್ಲ" ಎಂಬ ಒಂದೇ ಸಾಲಿನ ಉತ್ತರ ಬಂತು.

ಈಗ ಬೆಳಿಗ್ಗೆ ಸೈರನ್ ಕೂಗಲಿಲ್ಲವೆಂದು ಯಾರೂ ತೋಟಕ್ಕಿಳಿಯುವುದಿಲ್ಲ. ಎಲ್ಲರೂ ಸ್ಟೋರಿನ ಬಾಗಿಲಲ್ಲಿ ಕಾಯುತ್ತಾರೆ.

"ಬಂತಾ ರೈಟರಮ್ಮ, ಇವತ್ತಿನ ಚಿತ್ರ?"

"ತಡೀರಿ ಅಕ್ಕ, ಇನ್ನೂ ಬಂದಿಲ್ಲ."

ದೇವೀರಮ್ಮ ಅಂಗಳಕ್ಕಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.