ಇಪ್ಪತ್ತು ಮುಟ್ಟದ ಮನೆ

ಡಚ್ ಪಟ್ಟಣ ನೈಮೆಗನ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ಪ್ರಭುದೇವ ಅವರದು ಪರೀಕ್ಷೆಯ ಕೆಲಸ. ಚಿಪ್‌ಗಳನ್ನು ಕಾಯಿಸಿ, ತಣಿಸಿ, ಯಾವ ಉಷ್ಣತೆಯಲ್ಲಿ ಅವು ಕೈಕೊಡುತ್ತವೆ ಎಂದು ಬರೆದಿಡಬೇಕು. ಅಳತೆ ಅರ್ಧ ಡಿಗ್ರಿ ತಪ್ಪಿದರೂ ಆ ದಿನದ ಪರೀಕ್ಷೆ ರದ್ದು. ಕಳೆದ ಜನವರಿಯಲ್ಲಿ ಅವರ ಬಾಡಿಗೆ ಮನೆಯ ಶಾಖ ನಿಯಂತ್ರಿಸುವ ಥರ್ಮೋಸ್ಟಾಟ್ ಇಪ್ಪತ್ತು ಡಿಗ್ರಿ ಕೇಳುತ್ತಿತ್ತು. ಮನೆ ಹದಿನಾರೂವರೆಗೆ ನಿಂತುಬಿಡುತ್ತಿತ್ತು. ಒಳಗೆ ಹನ್ನೆರಡು ದಿನದ ಹೆಣ್ಣು ಕೂಸು ಮಲಗಿತ್ತು.

ಹೆಂಡತಿ ವೈಷ್ಣವಿಯ ಬಾಣಂತನಕ್ಕೆಂದು ಆಕೆಯ ತಾಯಿ ಸಾವಿತ್ರವ್ವ ಇಳಕಲ್ಲಿನಿಂದ ಬಂದಿದ್ದರು. ಊರಿನಲ್ಲಾದರೆ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟು ಬಾಣಂತಿಯ ಬೆನ್ನು ಕಾಯಿಸುತ್ತಿದ್ದರು. ಇಲ್ಲಿ ಒಂದೆಳೆ ಹೊಗೆ ಎದ್ದರೂ ಅಲಾರಂ ಕೂಗುತ್ತದೆ. ಹಾಗಾಗಿ ಅವರ ಕೈಯಲ್ಲಿ ಉಳಿದದ್ದು ಎರೆಯುವುದೊಂದೇ: ದಿನಾ ಬೆಳಿಗ್ಗೆ ಮಗಳ ಮೈಗೆ ಎಣ್ಣೆ ತಿಕ್ಕಿ, ಮುಕ್ಕಾಲು ಗಂಟೆ ಸುಡುನೀರು.

ದೂರು ಕೊಟ್ಟ ಮೂರನೆಯ ದಿನ ಬಾಡಿಗೆ ಸಂಸ್ಥೆಯ ತಂತ್ರಜ್ಞ ಬಂದ. ಮನೆಯನ್ನೂ ನಲ್ಲಿಯ ನೀರನ್ನೂ ಕಾಯಿಸುವ ಬಾಯ್ಲರ್‌ನ ಮುಚ್ಚಳವನ್ನೂ ತೆಗೆಯಲಿಲ್ಲ. ಹಬೆ ತುಂಬಿದ ಬಚ್ಚಲಿಗೆ ಇಣುಕಿದ, ಎಷ್ಟು ಹೊತ್ತು ನೀರು ಬಿಡುತ್ತೀರಿ ಎಂದು ಕೇಳಿದ, ಏಳು ನಿಮಿಷದಲ್ಲಿ ಹೊರಟ. ಸಂಜೆ ವರದಿ ಬಂತು. ಬಾಯ್ಲರ್‌ನಲ್ಲಿ ದೋಷವಿಲ್ಲ; ಮನೆಗೆ ಬಂದಿರುವ ಹಿರಿಯ ಮಹಿಳೆ ಮಿತಿಮೀರಿ ಬಿಸಿನೀರು ಬಳಸುವುದೇ ಕಾರಣ.

ಇದರಲ್ಲಿ ಒಂದು ಚೂರು ನಿಜವಿತ್ತು. ಈ ಬಗೆಯ ಬಾಯ್ಲರ್ ನಲ್ಲಿಗೆ ಬಿಸಿನೀರು ಕೊಡುವಾಗ ಕೋಣೆಗಳಲ್ಲಿ ಬಿಸಿನೀರು ಸುತ್ತುವ ರೇಡಿಯೇಟರ್‌ಗಳನ್ನು ಕಾಯಿಸುವುದಿಲ್ಲ. ಆದರೆ ಅದು ದಿನಕ್ಕೆ ಮುಕ್ಕಾಲು ಗಂಟೆಯ ಮಾತು. ಉಳಿದ ಇಪ್ಪತ್ಮೂರು ಗಂಟೆ ಮನೆಯೇಕೆ ಕಾಯಲಿಲ್ಲ? ಅಳತೆಯನ್ನೇ ನಂಬಿ ಬದುಕುವ ಪ್ರಭುದೇವ ಆ ಪ್ರಶ್ನೆ ಕೇಳಲಿಲ್ಲ. ಮುದ್ರೆ ಬಿದ್ದ ಕಾಗದವನ್ನು ನಂಬಿದರು. ಇನ್ನು ಮೇಲೆ ಹತ್ತು ನಿಮಿಷ ಸಾಕು ಎಂದು ಅತ್ತೆಗೆ ಹೇಳಿದರು.

ಸಾವಿತ್ರವ್ವ ಎರೆಯುವುದನ್ನೇ ನಿಲ್ಲಿಸಿದರು. ಒಲೆಯ ಮೇಲೆ ಒಂದು ಪಾತ್ರೆ ನೀರು ಕಾಯಿಸಿ, ಬಟ್ಟೆ ಅದ್ದಿ ಮಗಳ ಮೈ ಒರೆಸಿದರು. ವೈಷ್ಣವಿ ಕಾಲುಚೀಲ ಹಾಕಿಕೊಂಡೇ ಕೂಸಿಗೆ ಹಾಲು ಕುಡಿಸಿದರು. ಐದನೆಯ ಬೆಳಿಗ್ಗೆ ಅಳಿಯ ಕೆಲಸಕ್ಕೆ ಹೊರಟಾಗ ಸಾವಿತ್ರವ್ವ ಬಾಗಿಲಲ್ಲಿ ನಿಲ್ಲಿಸಿದರು.

"ನಾಕ್ ದಿನಾ ಆತು, ನಾ ಬಿಸಿನೀರಿನ ನಳಾ ಮುಟ್ಟಿಲ್ಲ. ಮನಿ ಎಷ್ಟ್ ಕಾದೈತಿ, ನೋಡಿ ಹೇಳ್ರಿ."

ಹದಿನಾರೂವರೆ. ಅಳಿಯ ಮಾಡಬೇಕಿದ್ದ ಪರೀಕ್ಷೆಯನ್ನು ಅತ್ತೆ ಮಾಡಿ ಮುಗಿಸಿದ್ದರು.

ಅಂದು ಪ್ರಭುದೇವ ರಜೆ ಹಾಕಿದರು. ಬಾಯ್ಲರ್‌ನಿಂದ ಹೊರಡುವ ಕೊಳವೆಗೂ ಮರಳಿ ಬರುವ ಕೊಳವೆಗೂ ಒಂದೊಂದು ಥರ್ಮೋಮೀಟರ್ ಅಂಟಿಸಿದರು. ಹೋಗುವ ನೀರು ಎಪ್ಪತ್ತು ಡಿಗ್ರಿ, ಬರುವುದು ಮೂವತ್ತೊಂದು. ರೇಡಿಯೇಟರ್‌ಗಳು ಮೇಲೆ ಬಿಸಿ, ಕೆಳಗೆ ಕಲ್ಲಿನಷ್ಟು ತಣ್ಣಗೆ. ನೀರು ಸರಿಯಾಗಿ ಸುತ್ತುತ್ತಲೇ ಇರಲಿಲ್ಲ. ಬಾಯ್ಲರ್‌ನ ಪಕ್ಕದಲ್ಲಿ ಅಂಟಿಸಿದ್ದ ಚೀಟಿಯ ಪ್ರಕಾರ ಅದನ್ನು ಕೊನೆಯ ಸಲ ಶುಚಿ ಮಾಡಿ ಆರು ವರ್ಷವಾಗಿತ್ತು.

ಇಷ್ಟನ್ನೂ ಬರೆದು ಕಳಿಸಿದರೆ, ಸಲಹೆ ಕೊಟ್ಟಾಗಿದೆ, ದೂರು ಮುಗಿದಿದೆ ಎಂಬ ಉತ್ತರ ಬಂತು. ಮರುದಿನ ಅವರು ರೈಲು ಹತ್ತಿ ನ್ಯೂವೆಗೈನ್‌ನಲ್ಲಿದ್ದ ಸಂಸ್ಥೆಯ ಕಚೇರಿಗೇ ಹೋದರು. ಮೇಜಿನ ಹಿಂದಿದ್ದಾತ ಕಾಫಿ ಕೊಟ್ಟ. ಬಿಸಿಲಿನ ದೇಶದವರಿಗೆ ಚಳಿ ತುಸು ಹೆಚ್ಚೇ ಅನ್ನಿಸುತ್ತದೆ ಎಂದು ನಯವಾಗಿ ಹೇಳಿದ.

"ಥರ್ಮೋಮೀಟರ್ ಇಲ್ಲಿಯದೇ," ಎಂದರು ಪ್ರಭುದೇವ. "ಅದಕ್ಕೂ ಚಳಿಯಾಗಿದೆ."

ಎರಡು ದಿನದ ನಂತರ ಬೇರೊಬ್ಬ ತಂತ್ರಜ್ಞ ಬಂದ. ಕೊಳವೆಯ ಸೋಸುಬಲೆ ಬಿಚ್ಚಿದಾಗ ಕಾಡಿಗೆಯಂಥ ಕೆಸರು ಬಕೆಟ್ಟಿಗೆ ಸುರಿಯಿತು. ಎರಡು ಗಂಟೆ ತೊಳೆದ. ಸಂಜೆಯ ಹೊತ್ತಿಗೆ ಮನೆ ಇಪ್ಪತ್ತು ಮುಟ್ಟಿತು. ಕೆಲಸ ಮುಗಿದ ಕಾಗದಕ್ಕೆ ಸಹಿ ಕೇಳಿದಾಗ ಪ್ರಭುದೇವ ಪೆನ್ನು ಮುಟ್ಟಲಿಲ್ಲ. ಮೊದಲ ವರದಿಯಲ್ಲಿ ತಮ್ಮ ಅತ್ತೆಯ ಮೇಲೆ ಬರೆದ ಸಾಲು ಹೋಗಬೇಕು, ಆಮೇಲೆ ಸಹಿ ಎಂದರು. ಆತ ಕಚೇರಿಗೆ ಎರಡು ಸಲ ಫೋನ್ ಮಾಡಿದ. ಕೊನೆಗೆ ಪ್ರಭುದೇವ ಮುಂದಿಟ್ಟ ಹಳೆಯ ವರದಿಯ ಮೇಲೆ ಆ ಸಾಲಿಗೆ ಗೀಟು ಎಳೆದು, ಪಕ್ಕದಲ್ಲಿ ಕೈಯಾರೆ ಬರೆದ: ಕಾರಣ, ಆರು ವರ್ಷ ನಿರ್ವಹಣೆ ಇಲ್ಲ.

ಪ್ರಭುದೇವ ಅದನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದರು. ಸಾವಿತ್ರವ್ವ ಕೂಸನ್ನು ತೊಡೆಯಿಂದ ಭುಜಕ್ಕೆ ಹಾಕಿಕೊಂಡರು.

"ಅವರು ಬರ್ದಿದ್ದನ್ನ ಅವರ ಹೊಡದು ಹಾಕಿದ್ರು, ಚಲೋ ಆತು. ನೀವು ಹತ್ತು ನಿಮಿಷ ಅಂದಿದ್ರಲ್ಲಾ, ಅದನ್ನ ಯಾರು ಹೊಡದು ಹಾಕೋರು?"

ಮರುದಿನ ಬೆಳಿಗ್ಗೆ ಎಣ್ಣೆ ಕಾಯಿಸಿ ಬಚ್ಚಲ ಬಾಗಿಲಿಗೆ ತಂದಿಟ್ಟವರು ಪ್ರಭುದೇವ. ನೀರು ಐವತ್ತೈದು ನಿಮಿಷ ಹರಿಯಿತು. ಮನೆ ಹತ್ತೊಂಬತ್ತೂವರೆಗೆ ಇಳಿಯಿತು, ಅರ್ಧ ಗಂಟೆಯಲ್ಲಿ ಮತ್ತೆ ಇಪ್ಪತ್ತಕ್ಕೆ ಬಂತು.