ಅಕ್ಕಾತಾಯಿ ಅತ್ತೆಯ ಪಿಕಪ್ಪಿಗೆ ಡೀಸೆಲ್ ಇಂಜಿನ್

ನಮ್ಮ ಸೋದರತ್ತೆ ಅಕ್ಕಾತಾಯಿ ಪಿಕಪ್ ಓಡಿಸುವಾಗ ಹಾರ್ನ್ ಬಾರಿಸುತ್ತಿರಲಿಲ್ಲ. ಎದುರಿಗೆ ಎಮ್ಮೆ ಬಂದರೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಜರಾ ಸರಿ ಬೇ ಯವ್ವಾ’ ಎನ್ನುತ್ತಿದ್ದಳು. ಮನುಷ್ಯರು ಸಿಕ್ಕರೆ ಇನ್ನೂ ಕಷ್ಟ. ಮಗಳ ಬಾಣಂತನ, ದ್ರಾಕ್ಷಿಗೆ ಬಿದ್ದ ಬೂದಿರೋಗ, ಎಲ್ಲ ವಿಚಾರಿಸಿಕೊಂಡೇ ಗಾಡಿ ಮುಂದಕ್ಕೆ ಹೋಗಬೇಕು. ಮಂಗಸೂಳಿಯಿಂದ ಕಾಗವಾಡಕ್ಕೆ ಅವಳ ಜೊತೆ ಹೊರಡುವವರು ಬುತ್ತಿ ಕಟ್ಟಿಕೊಳ್ಳಬೇಕೆಂದು ನಮ್ಮಪ್ಪ ನಗೆಯಾಡುತ್ತಿದ್ದ.

ಆ ಪೆಟ್ರೋಲ್ ಪಿಕಪ್ಪನ್ನು ಅವಳ ಗಂಡ, ನಮ್ಮ ಮಾಮಾ, ನಾನು ಹುಟ್ಟುವ ಮೊದಲೇ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ತಾನೇ ಓಡಿಸಲು ಕಲಿತು ಮಿರಜಿನ ಪೇಟೆಗೆ ದ್ರಾಕ್ಷಿ ಒಯ್ಯತೊಡಗಿದಳು. 2009ರ ಸೀಸನ್ನಿನಲ್ಲಿ ತುಂಬಿದ ಪೆಟ್ಟಿಗೆಗಳ ಸಮೇತ ದಾರಿಯಲ್ಲೇ ಇಂಜಿನ್ ಜಾಮ್ ಆಯಿತು. ಗುಜರಿಗೆ ಹಾಕಿ ಹೊಸದು ಕೊಳ್ಳೋಣವೆಂದ ಮಗ ಸುರೇಶ. ಅತ್ತೆ ಅವನೊಡನೆ ಮಾತು ಬಿಟ್ಟಳು. ಅವಳಿಗೆ ಅದು ಉಪವಾಸಕ್ಕಿಂತ ಕಠಿಣವೆಂದು ಗೊತ್ತಿದ್ದ ಸುರೇಶ ಸೋತ.

ಕಾಗವಾಡದ ಗ್ಯಾರೇಜಿನಲ್ಲಿ ಬಾಬು ಮಿಸ್ತ್ರಿ ತುಕ್ಕು ಹಿಡಿದ ತಗಡನ್ನೆಲ್ಲ ಬದಲಿಸಿ, ಜೀಪೊಂದರ ಡೀಸೆಲ್ ಇಂಜಿನ್ ಕೂರಿಸಿದ. ಅದು ಎತ್ತರವಾಗಿ ಬಾನೆಟ್ ಮುಚ್ಚಲಿಲ್ಲ. ಬಾನೆಟ್ಟನ್ನೇ ಕೊಯ್ಯಬೇಕೆಂದ. ಅದರ ಮೇಲಿನ ಹಳದಿ ಹೂವನ್ನು ಮಾಮಾ ಕೈಯಾರೆ ಬರೆದಿದ್ದರು. ಗ್ಯಾರೇಜಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ ಏಳದೆ ಹೇಳಿದಳು:

‘ಹೊಸಾ ಸೊಸಿ ಎತ್ತರ ಅದಾಳಂತ ಮನಿ ಬಾಗಲಾ ಒಡಿತಾರೇನೋ ಬಾಬು? ಆಕಿಗೇ ಬಗ್ಗಿ ಬಾ ಅನ್ನು.’

ಪಕ್ಕದಲ್ಲೇ ಅವಳ ಎತ್ತರದ ಸೊಸೆ ನಿಂತಿದ್ದಳು. ಬಾಬು ನಗು ನುಂಗಿಕೊಂಡು ಇಂಜಿನ್ ಮತ್ತೆ ಮೇಲೆತ್ತಿದ. ಅದು ಕೂರುವ ಪಟ್ಟಿಗಳನ್ನು ಕೊಯ್ದು, ತಗ್ಗಿಸಿ, ಬೆಸುಗೆ ಹಾಕಿದ. ಬಾನೆಟ್ ಮುಚ್ಚಿತು.

ಗಾಡಿಗೆ ಬಲವೇನೋ ಬಂತು. ಆದರೆ ಡೀಸೆಲ್ಲಿನ ಗದ್ದಲದಲ್ಲಿ ಅತ್ತೆಯ ಮಾತು ಯಾರಿಗೂ ಕೇಳದಾಯಿತು. ಅವಳು ಪರಿಚಿತರು ಕಂಡಲ್ಲೆಲ್ಲ ನಡುರಸ್ತೆಯಲ್ಲೇ ಇಂಜಿನ್ ಬಂದ್ ಮಾಡಿ ಮಾತಿಗಿಳಿದಳು. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಆ ಚಾಲಕರೆಲ್ಲ ಹೋಗಿ ಬಾಬುವಿಗೆ ಗಂಟುಬಿದ್ದರು. ಅವನು ಸದ್ದು ತಗ್ಗಿಸುವ ಹೊಸ ಸೈಲೆನ್ಸರ್ ಹಾಕಿಕೊಟ್ಟ. ತನ್ನ ಮಾತು ಕೇಳದೆ ಜನಕ್ಕೆ ಬೇಸರವಾಗಿತ್ತೆಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಳು.

2016ರಲ್ಲಿ ಮೊಣಕಾಲು ನೋವಿನಿಂದ ಕ್ಲಚ್ ಒತ್ತಲಾಗದೆ ಓಡಿಸುವುದನ್ನು ಬಿಟ್ಟಳು. ಆ ವರ್ಷದ ದೀಪಾವಳಿಗೆ ಮುಂಚೆ ತೀರಿಕೊಂಡಳು. ಅದಕ್ಕೂ ಮೊದಲು, ಮಳೆಗಾಲದಲ್ಲಿ, ನಾನು ಅವಳನ್ನು ಕಾಗವಾಡದ ದವಾಖಾನೆಗೆ ಅದೇ ಪಿಕಪ್ಪಿನಲ್ಲಿ ಕರೆದೊಯ್ದಿದ್ದೆ. ಮರಳುವಾಗ ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಲಿಲ್ಲ. ನನಗೆ ಹೆದರಿಕೆಯಾಗಿ, ಏನಾಯಿತೆಂದು ಕೇಳಿದೆ.

‘ಏನಿಲ್ಲೋ ತಮ್ಮಾ. ನಾ ಓಡಸುವಾಗ ಈ ಹೊಲಾ ಇಷ್ಟ ಹಸರ ಅದಾವಂತ ಕಂಡೇ ಇರ್ಲಿಲ್ಲ.’

ಮನೆಯ ಮುಂದೆ ನಿಲ್ಲಿಸಿ ಅವಳ ಕಡೆಯ ಬಾಗಿಲು ತೆರೆದೆ. ಅವಳು ಇಳಿಯಲಿಲ್ಲ. ಇನ್ನೊಂದು ಸುತ್ತು ಹೋಗಿ ಬರೋಣವೆಂದಳು. ನಾನು ಗಾಡಿ ತಿರುಗಿಸಿದೆ.